ಬ್ಲೌಸಿನ ಕೈಗೆ ಮಲ್ಲಿಗೆ ಲೇಸ್: ಚಿತ್ರ ಬಿಡಿಸುವಲ್ಲಿಂದ ಹೊಲಿದು ಕೂರಿಸುವವರೆಗೆ

ಶಂಕರಪುರದ ಮಲ್ಲಿಗೆ ಚೆಂಡಿನಿಂದ ಬಾಳೆನಾರನ್ನು ಎಳೆದುಬಿಟ್ಟರೆ ಅಂಗೈಯಲ್ಲಿ ಉಳಿಯುವುದು ಬಿಡಿ ಮೊಗ್ಗುಗಳ ರಾಶಿ ಮಾತ್ರ. ಲೇಸಿನ ಪಾಡೂ ಅದೇ. ನೋಡುವವರ ಕಣ್ಣು ಹೂವಿನ ಮೇಲಿರುತ್ತದೆ, ಹೂವನ್ನು ಹಿಡಿದಿರುವುದು ನಾರು. ಹೊಸದಾಗಿ ಲೇಸ್ ವಿನ್ಯಾಸ ಮಾಡಹೊರಟವರು ಮೊದಲು ಚೆಂದದ ಹೂ ಬಿಡಿಸಿ, ಕೊನೆಗೆ ಅಲ್ಲೊಂದು ಇಲ್ಲೊಂದು ಕಡ್ಡಿ ಎಳೆದು ಜೋಡಿಸುತ್ತಾರೆ. ಅಂಥ ಲೇಸ್ ಕಂಪ್ಯೂಟರ್ ಪರದೆಯ ಮೇಲೆ ಸೊಗಸಾಗಿ ಕಾಣುತ್ತದೆ, ನೀರಿಗೆ ಬಿಟ್ಟ ಕೂಡಲೇ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಎಲ್ಲ ಹಂತದಲ್ಲೂ ನಾರು ಮೊದಲು, ಹೂ ಆಮೇಲೆ.

ಇಲ್ಲಿ ಹೇಳುತ್ತಿರುವುದು ನೀರಲ್ಲಿ ಕರಗುವ ಹಾಳೆಯ ಮೇಲೆ ಕಂಪ್ಯೂಟರ್ ಎಂಬ್ರಾಯಿಡರಿ ಮೆಷಿನ್‌ನಲ್ಲಿ ಹೊಲಿದು, ಹಾಳೆಯನ್ನು ಕರಗಿಸಿ, ಬರೀ ನೂಲನ್ನು ಉಳಿಸಿಕೊಳ್ಳುವ ಲೇಸ್. ವ್ಯಾಪಾರದಲ್ಲಿ ಇದಕ್ಕೆ ಗಿಪ್ಯೂರ್ ಅಥವಾ ಕೆಮಿಕಲ್ ಲೇಸ್ ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಐಸಾಕ್ ಗ್ರೋಬ್ಲಿ 1863ರಲ್ಲಿ ಶಿಫ್ಲಿ ಎಂಬ್ರಾಯಿಡರಿ ಯಂತ್ರ ಮಾಡಿದ. ಅದರ ಮೇಲೆ ಹೊಲಿದ ತಳದ ಬಟ್ಟೆಯನ್ನು ಆಗಿನವರು ರಾಸಾಯನಿಕ ಹಾಕಿ ಕರಗಿಸುತ್ತಿದ್ದರು, ಹೆಸರು ಬಂದದ್ದು ಅಲ್ಲಿಂದ. ಈಗ ರಾಸಾಯನಿಕ ಬೇಕಿಲ್ಲ, ಉಗುರು ಬೆಚ್ಚಗಿನ ನೀರು ಸಾಕು.

ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಲೇಸ್ ಬಿಟ್ಟು ಇಷ್ಟು ಕಷ್ಟ ಏಕೆ ಎಂದರೆ ಕಾರಣ ಎರಡು. ಸೀರೆಯ ಅಂಚಿನ ಬಣ್ಣಕ್ಕೆ ಸರಿಹೊಂದುವ ಲೇಸ್ ಸಿಗುವುದು ಅಪರೂಪ. ಇನ್ನೊಂದು, ಮೀಟರ್ ಲೇಸನ್ನು ಕೈ ಸುತ್ತಳತೆಗೆ ಕತ್ತರಿಸಿದರೆ ಹೂವಿನ ನಡುವೆ ಕತ್ತರಿ ಬೀಳುತ್ತದೆ, ಅರ್ಧ ಹೂ ಒಂದು ಕಡೆ, ಕಾಲು ಹೂ ಇನ್ನೊಂದು ಕಡೆ. ಅಳತೆಗೆ ಮಾಡಿದ ಲೇಸಿನಲ್ಲಿ ಹೂಗಳು ಪೂರ್ತಿ ಪೂರ್ತಿಯಾಗಿ ಸುತ್ತು ಬರುತ್ತವೆ.

ಅಳತೆ

ಉದಾಹರಣೆಗೆ ಒಂದು ಕೆಲಸವನ್ನೇ ಹಿಡಿದುಕೊಳ್ಳೋಣ: ಬ್ಲೌಸಿನ ಕೈ ಸುತ್ತಳತೆ 32 ಸೆಂ.ಮೀ., ಲೇಸಿನ ಅಗಲ 4 ಸೆಂ.ಮೀ., ಎರಡು ಕೈಗೂ ಬೇಕು. ಸುತ್ತಳತೆಯನ್ನು ಹೊಲಿದು ಮುಗಿಸಿದ ಕೈಯ ಮೇಲೆಯೇ ತೆಗೆಯಿರಿ. ಟೈಲರ್ ಬರೆದುಕೊಟ್ಟ ಚೀಟಿಯಲ್ಲಿ ಹೊಲಿಗೆಗೆ ಬಿಟ್ಟ ಅಂಚು ಸೇರಿದೆಯೋ ಇಲ್ಲವೋ ಎಂಬುದು ಬರೆದಿರುವುದಿಲ್ಲ.

ಹಾಳೆ ಕರಗಿದ ಮೇಲೆ ಲೇಸ್ ಕುಗ್ಗುತ್ತದೆ. ಮೆಷಿನ್ ನೂಲನ್ನು ಬಿಗಿಯಾಗಿ ಎಳೆದು ಹೊಲಿದಿರುತ್ತದೆ, ಹಾಳೆ ಹೋದಾಗ ಆ ಎಳೆತ ಸಡಿಲಿ ನೂಲು ತನ್ನ ಉದ್ದಕ್ಕೆ ವಾಪಸಾಗುತ್ತದೆ. ಪಾಲಿಯೆಸ್ಟರ್ ನೂಲಿನಲ್ಲಿ ನಮಗೆ ಸಾಮಾನ್ಯವಾಗಿ ಸಿಗುವುದು ನೂರಕ್ಕೆ 3ರಷ್ಟು. ಹಾಗಾಗಿ 32 ಬೇಕಿದ್ದರೆ 33 ಬಿಡಿಸಬೇಕು. ಈ ಲೆಕ್ಕ ನೂಲು, ಟೆನ್ಷನ್ (ಮೆಷಿನ್ ನೂಲನ್ನು ಹಿಡಿಯುವ ಬಿಗಿ), ಹೊಲಿಗೆಯ ದಟ್ಟಣೆ ಮೂರನ್ನೂ ಅವಲಂಬಿಸಿದೆ. ನಿಮ್ಮ ಮೆಷಿನ್ನಿನ ಲೆಕ್ಕ ನಿಮ್ಮದೇ: 10 ಸೆಂ.ಮೀ. ಪಟ್ಟಿ ಹೊಲಿದು, ಕರಗಿಸಿ, ಒಣಗಿಸಿ ಅಳೆದು ನೋಡಿ.

33 ಸೆಂ.ಮೀ.ಯನ್ನು 5.5 ಸೆಂ.ಮೀ.ಯ 6 ಭಾಗ ಮಾಡಿದರೆ ಒಂದು ಆವರ್ತನೆ, ಅಂದರೆ ಒಂದು ಹೂ ಮತ್ತು ಅದರ ಆಚೀಚೆಯ ಮೊಗ್ಗುಗಳು, 5.5 ಸೆಂ.ಮೀ.ಯಲ್ಲಿ ಕೂರಬೇಕು. ಮನೆಯಲ್ಲಿಡುವ ಮೆಷಿನ್ನುಗಳಲ್ಲಿ 13×18 ಸೆಂ.ಮೀ. ಹೂಪ್ (ಹಾಳೆಯನ್ನು ಬಿಗಿಯಾಗಿ ಹಿಡಿಯುವ ಚೌಕಟ್ಟು) ಸಾಮಾನ್ಯ. ಅದರಲ್ಲಿ ಮೂರು ಆವರ್ತನೆಯ ಪಟ್ಟಿ 16.5 ಸೆಂ.ಮೀ. ಆಗುತ್ತದೆ, ತುದಿಯಲ್ಲಿ ಜೋಡಣೆಗೆಂದು ಹೊರಚಾಚುವ ಎಲೆ 6 ಮಿ.ಮೀ., ಒಟ್ಟು 17.1. ಅಗಲದಲ್ಲಿ ಎರಡು ಪಟ್ಟಿ ಪಕ್ಕಪಕ್ಕ ಕೂರುತ್ತವೆ, ನಡುವೆ ಒಂದೂವರೆ ಸೆಂ.ಮೀ. ಜಾಗ ಬಿಟ್ಟರೂ 9.5 ಸೆಂ.ಮೀ. ಮೀರುವುದಿಲ್ಲ. ಒಂದು ಸಲ ಹೂಪ್ ಕಟ್ಟಿದರೆ ಒಂದು ಕೈಯ ಲೇಸ್ ಸಿದ್ಧ. ಹೂಪಿನ ಅಳತೆ ನೋಡದೆ ಚಿತ್ರ ಬಿಡಿಸಿದವರು ಆಮೇಲೆ ಚಿತ್ರವನ್ನು ಕುಗ್ಗಿಸುತ್ತಾರೆ. ಕುಗ್ಗಿಸಿದಾಗ ಕಡ್ಡಿಗಳೂ ಸಣಕಲಾಗುತ್ತವೆ, ತೂತುಗಳು ಮುಚ್ಚುತ್ತವೆ. ಆ ದಾರಿ ಬೇಡ.

ಕಾಗದದ ಮೇಲೆ

ಮಿಲಿಮೀಟರ್ ಗ್ರಾಫ್ ಹಾಳೆ, ಎಚ್‌ಬಿ ಪೆನ್ಸಿಲು, ನಿಜ ಅಳತೆಯಲ್ಲೇ ಚಿತ್ರ. ದೊಡ್ಡದಾಗಿ ಬಿಡಿಸಿ ಆಮೇಲೆ ಚಿಕ್ಕದು ಮಾಡೋಣ ಎಂದರೆ ಕಣ್ಣಿಗೆ ಮೋಸವಾಗುತ್ತದೆ.

ಮೊದಲು ಮೇಲಂಚಿನಲ್ಲಿ ಉದ್ದಕ್ಕೂ 2 ಮಿ.ಮೀ. ಅಗಲದ ನೇರ ಪಟ್ಟಿ ಎಳೆಯಿರಿ. ಇದು ತಲೆಪಟ್ಟಿ. ಬ್ಲೌಸಿನ ಬಟ್ಟೆಗೆ ಹೊಲಿಗೆ ಬೀಳುವುದು ಇದರ ಮೇಲೆ, ಲೇಸಿನ ಭಾರ ಹೊರುವುದೂ ಇದೇ. ಇಗರ್ಜಿಯ ಮದುವೆಗೆ ಮದುಮಗಳ ನೆಟ್ ವೇಲ್‌ಗೆ ಲೇಸ್ ಮಾಡುವುದಾದರೆ ತಲೆಪಟ್ಟಿ 1 ಮಿ.ಮೀ. ಸಾಕು, ದಪ್ಪವಾದರೆ ನೆಟ್ಟನ್ನು ಕೆಳಕ್ಕೆ ಜಗ್ಗುತ್ತದೆ.

ತಲೆಪಟ್ಟಿಯ ಕೆಳಗೆ ನಾರಿನ ದಾರಿ: ಬಳ್ಳಿಯಂತೆ ಏರಿಳಿಯುತ್ತ ಈ ತುದಿಯಿಂದ ಆ ತುದಿಗೆ ಎಲ್ಲೂ ಕಡಿಯದೆ ಹೋಗುವ ಒಂದು ಗೆರೆ. ಅದು ಪ್ರತಿ ಆವರ್ತನೆಯಲ್ಲೂ ಕನಿಷ್ಠ ಎರಡು ಕಡೆ ತಲೆಪಟ್ಟಿಯನ್ನು ಮುಟ್ಟಬೇಕು. ಈ ಗೆರೆ ಸರಿಯಾದ ಮೇಲೆ ಅದರ ಮೇಲೆ ಹೂ ಕೂರಿಸಿ. ಮಲ್ಲಿಗೆ 22 ಮಿ.ಮೀ. ಅಗಲ, ಆರು ಎಸಳು. ಲೇಸಿಗೆ ಐದಕ್ಕಿಂತ ಆರು ಅನುಕೂಲ: ಎದುರುಬದುರಿನ ಎರಡು ಎಸಳು ಎಡಬಲದ ಮೊಗ್ಗನ್ನು ಮುಟ್ಟುತ್ತವೆ, ಮೇಲಿನ ಎರಡು ಎಸಳು ತಲೆಪಟ್ಟಿಯ ಕಡ್ಡಿಗಳಿಗೆ ಸಿಗುತ್ತವೆ, ಕೆಳಗಿನ ಎರಡು ಅಂಚಿನ ಸೊಗಸಿಗೆ ಉಳಿಯುತ್ತವೆ.

ಬಿಡಿಸುವಾಗ ಮನಸ್ಸಿನಲ್ಲಿಡಬೇಕಾದ ಅಳತೆಗಳು ಇಷ್ಟೇ. ಯಾವ ಕಡ್ಡಿಯೂ 1.2 ಮಿ.ಮೀ.ಗಿಂತ ತೆಳ್ಳಗಿರಬಾರದು. ಸ್ಯಾಟಿನ್, ಅಂದರೆ ಅಡ್ಡಡ್ಡ ಒತ್ತೊತ್ತಾಗಿ ಬೀಳುವ ಹೊಲಿಗೆ, ತುಂಬುವ ಭಾಗ 7 ಮಿ.ಮೀ.ಗಿಂತ ಅಗಲವಾಗಬಾರದು, ಅಗಲವಾದರೆ ನೂಲು ಸಡಿಲವಾಗಿ ನಿಂತು ಬಳೆಗೆ, ಉಂಗುರಕ್ಕೆ ಸಿಕ್ಕಿಕೊಳ್ಳುತ್ತದೆ. 2 ಮಿ.ಮೀ.ಗಿಂತ ಚಿಕ್ಕ ತೂತು ಹೊಲಿದಾಗ ಮುಚ್ಚಿಹೋಗುತ್ತದೆ. 8 ಮಿ.ಮೀ. ಮೀರಿದ ಖಾಲಿ ಜಾಗ ಜೋಲುತ್ತದೆ, ಅಡ್ಡಕ್ಕೊಂದು ಕಡ್ಡಿ ಹಾಕಿ. ಪ್ರತಿ ಹೂ, ಪ್ರತಿ ಎಲೆ ಕನಿಷ್ಠ ಮೂರು ಕಡೆ ಹಿಡಿತದಲ್ಲಿರಬೇಕು. ಎರಡೇ ಕಡೆ ಹಿಡಿದ ಎಲೆ ಬಾಗಿಲಿನ ಹಾಗೆ ಆ ಎರಡು ಬಿಂದುಗಳ ಮೇಲೆ ತಿರುಗಿ ಮಗುಚಿಕೊಳ್ಳುತ್ತದೆ.

ಹಿಂಗಾರ ಬಿಡಿಸಿಕೊಡಿ ಎಂದು ಕೇಳುವವರು ನಮ್ಮ ಕಡೆ ಬಹಳ. ಅಡಿಕೆಯ ಹಿಂಗಾರ ಕಣ್ಣಿಗೆ ಲೇಸಿನಂತೆಯೇ ಕಾಣುತ್ತದೆ, ಮಾಡಲು ಮಾತ್ರ ಕಷ್ಟ. ಅದರ ಕಾಳುಗಳು ಒಂದಕ್ಕೊಂದು ತಾಗುವುದಿಲ್ಲ, ಪ್ರತಿಯೊಂದೂ ಎಳೆಗೆ ಒಂದೇ ಬಿಂದುವಿನಲ್ಲಿ ಅಂಟಿರುತ್ತದೆ. ಇದ್ದಹಾಗೇ ಬಿಡಿಸಿದರೆ ಕಾಳುಗಳು ಒಂದೊಂದಾಗಿ ಕಳಚುತ್ತವೆ. ಎಳೆಯನ್ನು 1.5 ಮಿ.ಮೀ. ಕಡ್ಡಿ ಮಾಡಿ, ಕಾಳುಗಳನ್ನು ಅದರ ಎರಡೂ ಬದಿಗೆ ಅರ್ಧ ಹೂತ ಹಾಗೆ, ಒಂದು ಇನ್ನೊಂದರ ಮೇಲೆ ಅರ್ಧ ಮಿ.ಮೀ. ಹಾಯುವಂತೆ ಕೂರಿಸಿ. ಆಗ ಅದು ಹಿಂಗಾರಕ್ಕಿಂತ ಭತ್ತದ ತೆನೆಯ ಹಾಗೆ ಕಾಣಬಹುದು. ಕಾಣಲಿ, ಹಾಕಿಕೊಂಡವರ ಮೈಮೇಲೆ ಉಳಿಯುವುದಂತೂ ಅದೇ.

ಚಿತ್ರ ಮುಗಿದ ಮೇಲೆ ಕತ್ತರಿಸಿ ನೋಡುವ ಪರೀಕ್ಷೆ. ಇದನ್ನು ಬಿಟ್ಟವರು ಹಾಳೆಯನ್ನೂ ನೂಲನ್ನೂ ಕಳೆದುಕೊಳ್ಳುತ್ತಾರೆ. ಚಿತ್ರದ ಜೆರಾಕ್ಸ್ ತೆಗೆದು, ಕೆಳಗೆ ರಟ್ಟು ಇಟ್ಟು, ಖಾಲಿ ಇರಬೇಕಾದ ಜಾಗಗಳನ್ನೆಲ್ಲ ಪೇಪರ್ ಕಟರ್‌ನಿಂದ ಕೊರೆದು ತೆಗೆಯಿರಿ. ಉಳಿದದ್ದನ್ನು ತಲೆಪಟ್ಟಿ ಹಿಡಿದು ಎತ್ತಿ, ಮೆಲ್ಲಗೆ ಅಲುಗಿಸಿ. ಕೆಳಗೆ ಬಿದ್ದ ಚೂರಿಗೆ ಕೊಂಡಿ ಇಲ್ಲ. ಬೀಳದೆ ಜೋತಾಡುವ ಎಸಳಿಗೆ ಕೊಂಡಿ ಸಾಲದು. ಬಿದ್ದ ಕಡೆ, ಜೋತ ಕಡೆ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ಮೂಲ ಚಿತ್ರದಲ್ಲಿ ಕಡ್ಡಿ ಸೇರಿಸಿ. ಸಾಮಾನ್ಯವಾಗಿ ಎರಡನೇ ಸಲ ಕೊರೆದಾಗ ಕಾಗದ ಒಂದೇ ತುಂಡಾಗಿ ಮೇಲೆ ಬರುತ್ತದೆ.

ಕಂಪ್ಯೂಟರಿನಲ್ಲಿ

ಚಿತ್ರವನ್ನು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಅಳತೆ ನೂರಕ್ಕೆ ನೂರು. ಮೊಬೈಲಿನಲ್ಲಿ ಫೋಟೋ ಹೊಡೆದರೆ ಅಂಚು ಬಾಗುತ್ತದೆ, ಆರು ಆವರ್ತನೆ ಸೇರುವಷ್ಟರಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಡಿಜಿಟೈಸ್ ಮಾಡಲು, ಅಂದರೆ ಚಿತ್ರವನ್ನು ಮೆಷಿನ್ ಓದುವ ಹೊಲಿಗೆಯ ಫೈಲ್ ಮಾಡಲು, ವಿಲ್ಕಾಮ್ ಸಾಫ್ಟ್‌ವೇರ್ ಇದ್ದವರಿಗೆ ಅದೇ ಸರಿ. ಇಲ್ಲದವರಿಗೆ ಇಂಕ್‌ಸ್ಕೇಪ್ ಜೊತೆ ಸೇರಿ ಕೆಲಸ ಮಾಡುವ ಇಂಕ್‌ಸ್ಟಿಚ್ ಇದೆ, ಅದು ಉಚಿತ. ಒಂದು ಆವರ್ತನೆಯನ್ನು ಮಾತ್ರ ಡಿಜಿಟೈಸ್ ಮಾಡಿ ಉಳಿದದ್ದಕ್ಕೆ ನಕಲು ಮಾಡಿಕೊಳ್ಳಿ. ಚಿತ್ರ ಹಾಕಿ ಒಂದು ಗುಂಡಿ ಒತ್ತಿದರೆ ತಾನೇ ಹೊಲಿಗೆ ಮಾಡಿಕೊಡುವ ಸೌಲಭ್ಯವನ್ನು ಲೇಸಿಗೆ ನಂಬಬೇಡಿ. ಕೆಳಗೆ ಬಟ್ಟೆ ಇದೆ ಎಂದೇ ಅದು ಎಣಿಸುತ್ತದೆ.

ಬಟ್ಟೆಯ ಮೇಲಿನ ಎಂಬ್ರಾಯಿಡರಿಗೂ ಲೇಸಿಗೂ ಇರುವ ವ್ಯತ್ಯಾಸ ಇಲ್ಲಿದೆ. ರನ್ನಿಂಗ್ ಹೊಲಿಗೆಯಲ್ಲಿ, ಅಂದರೆ ಒಂದೇ ಗೆರೆಯಾಗಿ ಸಾಗುವ ಹೊಲಿಗೆಯಲ್ಲಿ, ಮೇಲಿನ ನೂಲೂ ಕೆಳಗಿನ ಬಾಬಿನ್ ನೂಲೂ ಪ್ರತಿ ತೂತಿನಲ್ಲಿ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುತ್ತವೆ. ಆ ಕೊಕ್ಕೆಯನ್ನು ಬಿಗಿಯಾಗಿ ನಿಲ್ಲಿಸಿದ್ದು ನಡುವಿನ ಬಟ್ಟೆ. ಬಟ್ಟೆ ಕರಗಿದರೆ ಕೊಕ್ಕೆ ಸಡಿಲಿ, ಗೆರೆಯಿದ್ದ ಜಾಗದಲ್ಲಿ ಎರಡು ಸಡಿಲ ಎಳೆಗಳು ಉಳಿಯುತ್ತವೆ. ಸ್ಯಾಟಿನ್ನಿನದ್ದು ಇನ್ನೂ ಕಷ್ಟ: ಅಡ್ಡಡ್ಡ ಎಳೆಗಳು ಹಿಡಿಯಲು ಏನೂ ಇಲ್ಲದೆ ಒಂದೇ ಉದ್ದ ದಾರವಾಗಿ ಬಿಚ್ಚಿಕೊಳ್ಳುತ್ತವೆ. ಆದ್ದರಿಂದ ಲೇಸಿನಲ್ಲಿ ನೂಲಿಗೆ ನೂಲೇ ಬಟ್ಟೆ. ಪ್ರತಿ ಸ್ಯಾಟಿನ್ನಿನ ಒಳಗೆ ಅದು ಅಪ್ಪಿಕೊಳ್ಳಲು ಬೇರೆ ಗೆರೆಗಳಿರಬೇಕು, ಪ್ರತಿ ಗೆರೆಯನ್ನೂ ಇನ್ನೊಂದು ಗೆರೆ ಅಡ್ಡ ಹಾಯಬೇಕು.

ಕಡ್ಡಿಗಳಿಗೆ: ನಡುವಿನಲ್ಲಿ ರನ್ನಿಂಗ್ ಹೊಲಿಗೆ ಹೋಗಿ, ಬಂದು, ಮತ್ತೆ ಹೋಗಿ, ಒಟ್ಟು ಮೂರು ಸಲ, ಹೊಲಿಗೆಯ ಉದ್ದ 2 ಮಿ.ಮೀ. ಅದರ ಮೇಲೆ 1.2ರಿಂದ 1.5 ಮಿ.ಮೀ. ಅಗಲದ ಸ್ಯಾಟಿನ್, ಎಳೆಗಳ ಅಂತರ 0.4 ಮಿ.ಮೀ. ತಲೆಪಟ್ಟಿಗೂ ಇದೇ ಕ್ರಮ, ಜೊತೆಗೆ ಎರಡೂ ಅಂಚಿನಲ್ಲಿ ಒಂದೊಂದು ರನ್ನಿಂಗ್ ಗೆರೆ ಹೆಚ್ಚಿಗೆ.

ಎಸಳಿಗೆ: ಎಸಳನ್ನು ಪೂರ್ತಿ ತುಂಬಿದರೆ ಲೇಸ್ ರಟ್ಟಿನ ಹಾಗಾಗುತ್ತದೆ. ಒಳಗೆ ಬಲೆ ಸಾಕು. ಒಂದೂವರೆ ಮಿ.ಮೀ. ಅಂತರದಲ್ಲಿ ಒಂದು ದಿಕ್ಕಿಗೆ ಗೆರೆಗಳು, ಅವನ್ನು ಅಡ್ಡ ಹಾಯುವ ಇನ್ನೊಂದು ದಿಕ್ಕಿನ ಗೆರೆಗಳು. ಬಲೆಯ ಪ್ರತಿ ಗೆರೆಯೂ ಎಸಳಿನ ಅಂಚಿನ ಸ್ಯಾಟಿನ್ ಒಳಕ್ಕೆ 1 ಮಿ.ಮೀ. ನುಗ್ಗಿರಬೇಕು. ಅಂಚಿಗೆ ಬರೀ ತಾಗಿ ನಿಂತ ಗೆರೆ ತೊಳೆದಾಗ ಜಾರಿ ಹೊರಬರುತ್ತದೆ. ಎಸಳಿನ ಅಂಚಿನ ಸ್ಯಾಟಿನ್ 1.5 ಮಿ.ಮೀ. ಅಕ್ಕಪಕ್ಕದ ಎಸಳುಗಳಲ್ಲಿ ಬಲೆಯ ಕೋನವನ್ನು ಬದಲಿಸಿ. ಪಾಲಿಯೆಸ್ಟರ್ ಮತ್ತು ರೇಯಾನ್ ನೂಲು ಬೆಳಕನ್ನು ಒಂದೊಂದು ಕೋನಕ್ಕೆ ಒಂದೊಂದು ಥರ ಹಿಂದಕ್ಕೆ ಎರಚುತ್ತದೆ, ಬಿಳಿ ಮೇಲೆ ಬಿಳಿಯಾದರೂ ಎಸಳುಗಳು ಬೇರೆ ಬೇರೆ ಎದ್ದು ಕಾಣುತ್ತವೆ.

ಕಡ್ಡಿಗೂ ಎಸಳಿಗೂ ನಡುವಿನ ಜೋಡಣೆಯಲ್ಲಿ ಕಡ್ಡಿಯ ತುದಿ ಎಸಳಿನ ಒಳಕ್ಕೆ 1.5ರಿಂದ 2 ಮಿ.ಮೀ. ಹೋಗಿರಬೇಕು. ಪರದೆಯ ಮೇಲೆ ಎರಡೂ ತಾಗಿದಂತೆ ಕಂಡರೆ ಸಾಲದು. ಸ್ಯಾಟಿನ್ ತನ್ನನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ, ಹೊಲಿದು ಮುಗಿಯುವಾಗ ಆ ತಾಗಿದ ಜಾಗದಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರುತ್ತದೆ. ಈ ಎಳೆತಕ್ಕೆಂದೇ ಪುಲ್ ಕಾಂಪನ್ಸೇಷನ್ (ಎಳೆತವನ್ನು ಸರಿದೂಗಿಸಲು ಸೇರಿಸುವ ಅಗಲ) 0.2 ಮಿ.ಮೀ. ಕೊಡಿ.

ಹೊಲಿಯುವ ಅನುಕ್ರಮ ಹೀಗಿರಲಿ: ಮೊದಲು ಎಲ್ಲ ಬಲೆಗಳು, ಆಮೇಲೆ ಕಡ್ಡಿ ಮತ್ತು ತಲೆಪಟ್ಟಿಯ ಒಳಗೆರೆಗಳು, ಕಡ್ಡಿಗಳ ಸ್ಯಾಟಿನ್, ಎಸಳುಗಳ ಅಂಚು, ಹೂವಿನ ನಡುಬೊಟ್ಟು, ಎಲ್ಲಕ್ಕಿಂತ ಕೊನೆಗೆ ತಲೆಪಟ್ಟಿಯ ಸ್ಯಾಟಿನ್. ಹಿಂದಿನದರ ತುದಿಯನ್ನು ಮುಂದಿನದು ಮುಚ್ಚುತ್ತ ಹೋಗುತ್ತದೆ. ಒಂದು ಪಟ್ಟಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವುದು ಒಳ್ಳೆಯದು. ಎರಡರ ನಡುವೆ ಹಿಂದೆ ಮುಂದೆ ಓಡಾಡಿದರೆ ಹಾಳೆ ಸಡಿಲುತ್ತದೆ. ನೂಲು ಕತ್ತರಿಸುವ ಜಾಗ ಕಮ್ಮಿಯಾದಷ್ಟು ಒಳ್ಳೆಯದು, ಕತ್ತರಿಸಿದ ಪ್ರತಿ ತುದಿಯೂ ಮುಂದೆ ಬಿಚ್ಚಿಕೊಳ್ಳಬಹುದಾದ ತುದಿ. ಕೊನೆಗೆ ನೋಡಿದಾಗ ಒಂದು ಪಟ್ಟಿಗೆ 9,000 ಹೊಲಿಗೆಯ ಆಸುಪಾಸು ಬಂದರೆ ಸರಿ. 14,000 ದಾಟಿದ್ದರೆ ಎಲ್ಲೋ ದಟ್ಟಣೆ ಹೆಚ್ಚಾಗಿದೆ.

ಹಾಳೆ, ನೂಲು, ಸೂಜಿ

ಕರಗುವ ಹಾಳೆಯಲ್ಲಿ ಎರಡು ಜಾತಿ: ಪ್ಲಾಸ್ಟಿಕ್ಕಿನಂತೆ ಪಾರದರ್ಶಕವಾದ ಫಿಲ್ಮ್, ತೆಳು ಬಟ್ಟೆಯಂತೆ ನಾರುನಾರಾದದ್ದು. ಎರಡೂ ಪಿವಿಎ ಎಂಬ, ನೀರಲ್ಲಿ ಕರಗುವ ವಸ್ತುವಿನದ್ದು. ಲೇಸಿಗೆ ನಾರಿನದ್ದೇ ಬೇಕು, ಎರಡು ಪದರ. ತೆಳು ಫಿಲ್ಮಿನ ಮೇಲೆ ಸೂಜಿ ಸಾಲಾಗಿ ಚುಚ್ಚಿದರೆ ಅಂಚೆಚೀಟಿಯ ಅಂಚಿನ ಹಾಗೆ ತೂತುಸಾಲು ಬಿದ್ದು ಅಲ್ಲಿಂದಲೇ ಹರಿಯುತ್ತದೆ. 13×18 ಹೂಪಿಗೆ 20×26 ಸೆಂ.ಮೀ. ತುಂಡು ಬೇಕು. ಎರಡು ಕೈಗೆ ನಾಲ್ಕು ತುಂಡು, ಪರೀಕ್ಷೆಗೆ ಇನ್ನೆರಡು. ಅಂಗಡಿಯಲ್ಲಿ ತಣ್ಣೀರಲ್ಲಿ ಕರಗುವುದೋ ಬಿಸಿನೀರಲ್ಲೋ ಎಂದು ಕೇಳಿಕೊಳ್ಳಿ. ಬಿಸಿನೀರಿನದ್ದಕ್ಕೆ ಕುದಿಯುವ ಹತ್ತಿರದ ಬಿಸಿ ಬೇಕು, ಬಣ್ಣದ ನೂಲಿಗೆ ಅದು ಒಳ್ಳೆಯದಲ್ಲ.

ಮಳೆಗಾಲದಲ್ಲಿ ಈ ಹಾಳೆ ಕರಾವಳಿಯವರನ್ನು ಗೋಳು ಹೊಯ್ದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿರುವ ತೇವವನ್ನೇ ಹೀರಿಕೊಂಡು ಅದು ಡಬ್ಬಿಯಿಂದ ಹೊರಗಿಟ್ಟ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಹೂಪಿನಲ್ಲಿ ಬಿಗಿಯಾಗಿ ಕಟ್ಟಿದ್ದು ಅರ್ಧ ಗಂಟೆಯಲ್ಲಿ ಜೋಲುತ್ತದೆ, ಮೊದಲು ಹೊಲಿದ ಹೂವಿಗೂ ಕೊನೆಗೆ ಹೊಲಿದ ಹೂವಿಗೂ ತಾಳೆಯಾಗುವುದಿಲ್ಲ. ಹಾಳೆಯನ್ನು ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ, ಬೇಕಾದಷ್ಟೇ ತುಂಡು ಹೊರಗೆ ತೆಗೆದು ಕೂಡಲೇ ಬಾಯಿ ಮುಚ್ಚಿ. ಕೈಯಲ್ಲಿ ಅಲುಗಿಸಿದಾಗ ಸರಸರ ಸದ್ದು ಬಂದರೆ ಬಳಸಬಹುದು, ಸದ್ದಿಲ್ಲದೆ ಬಾಗಿದರೆ ಬೇಡ. ಕೈ ಬೆವರುವವರು ಹೂಪ್ ಕಟ್ಟುವ ಮೊದಲು ಕೈ ಒರೆಸಿಕೊಳ್ಳಿ, ಬೆರಳ ಗುರುತು ಬಿದ್ದಲ್ಲಿ ತೂತಾಗುತ್ತದೆ. ಎಸಿ ಇರುವ ಕೋಣೆಯಾದರೆ ಈ ತಾಪತ್ರಯ ಮುಕ್ಕಾಲು ಪಾಲು ಇಲ್ಲ.

ನೂಲು 40 ನಂಬರಿನ ಪಾಲಿಯೆಸ್ಟರ್. ಬಾಬಿನ್‌ನಲ್ಲೂ ಅದೇ ನೂಲು, ಅದೇ ಬಣ್ಣ. ಎಂಬ್ರಾಯಿಡರಿಗೆಂದು ತುಂಬಿಟ್ಟ ತೆಳು ಬಿಳಿ ಬಾಬಿನ್ ನೂಲನ್ನು ಹಾಕಬೇಡಿ: ಲೇಸಿಗೆ ಹಿಂಬದಿ ಎಂಬುದಿಲ್ಲ, ಗಾಳಿಗೆ ಮಗುಚಿದಾಗ ಆ ಬಿಳಿ ಕಾಣುತ್ತದೆ. ರೇಯಾನ್ ಹೊಳಪು ಹೆಚ್ಚು, ಮೆದು, ಆದರೆ ಒದ್ದೆಯಾದಾಗ ಅದರ ಬಲ ಬಹಳ ಇಳಿಯುತ್ತದೆ, ಕರಗಿಸುವಾಗಲೇ ಕಡ್ಡಿ ಹರಿಯಬಹುದು. ಉಡುಪಿ ಸೀರೆಯಂಥ ಹತ್ತಿಯ ಕೈಮಗ್ಗದ ಸೀರೆಗೆ ಹೊಳೆಯುವ ಲೇಸ್ ಒಪ್ಪುವುದಿಲ್ಲ, ಅಲ್ಲಿಗೆ 50 ನಂಬರಿನ ಹತ್ತಿ ನೂಲು, ಸ್ಯಾಟಿನ್ ಅಂತರ ಸ್ವಲ್ಪ ಕಡಿಮೆ. ಜರಿ ನೂಲಿನ ಆಸೆ ಬೇಡ. ಬಟ್ಟೆಯಿಲ್ಲದೆ ಅದು ಮುದುಡಿ ಮುದುಡಿ ತುಂಡಾಗುತ್ತದೆ. ಚಿನ್ನದ ಬಣ್ಣವೇ ಬೇಕೆಂದರೆ ಚಿನ್ನದ ಬಣ್ಣದ ಪಾಲಿಯೆಸ್ಟರ್ ಹಾಕಿ.

ಸಾವಿರ ಹೊಲಿಗೆಗೆ ಮೇಲಿನ ನೂಲು ಸುಮಾರು 5 ಮೀಟರ್ ಹಿಡಿಯಿರಿ. ಎರಡು ಕೈಗೆ 36,000 ಹೊಲಿಗೆ, ಅಂದರೆ 180 ಮೀಟರ್. ಬಾಬಿನ್‌ಗೂ ಹೆಚ್ಚುಕಮ್ಮಿ ಅಷ್ಟೇ. ಪರೀಕ್ಷೆ ಸೇರಿಸಿದರೂ 1,000 ಮೀಟರಿನ ಒಂದು ಕೋನ್ ಧಾರಾಳ. ಸೂಜಿ 75/11, ಚೂಪು ಮೊನೆಯದ್ದು, ಹೊಸದು.

ಮೆಷಿನ್ ಮೇಲೆ

ಎರಡು ಪದರವನ್ನೂ ಒಟ್ಟಿಗೆ ಹೂಪಿನಲ್ಲಿ ಕಟ್ಟಿ, ಬೆರಳಲ್ಲಿ ತಟ್ಟಿದರೆ ಚೆಂಡೆಯಷ್ಟಲ್ಲದಿದ್ದರೂ ಹಾಳೆ ದನಿ ಕೊಡಬೇಕು. ಕಟ್ಟಿದ ಮೇಲೆ ಅಂಚು ಹಿಡಿದು ಜಗ್ಗಬೇಡಿ, ಜಗ್ಗಿದ ಹಾಳೆ ಕರಗುವಾಗ ಲೇಸ್ ಸೊಟ್ಟಗಾಗುತ್ತದೆ. ಮೇಲಿನ ಟೆನ್ಷನ್ ಮಾಮೂಲಿಗಿಂತ ತುಸು ಸಡಿಲ. ಬಟ್ಟೆಯ ಮೇಲಾದರೆ ಹಿಂಬದಿಯಲ್ಲಿ ಬಾಬಿನ್ ನೂಲು ನಡುವಿನ ಮೂರನೇ ಒಂದು ಭಾಗ ಕಾಣುವುದು ಸರಿ. ಲೇಸಿನಲ್ಲಿ ಎರಡೂ ಬದಿ ಒಂದೇ ಥರ ಕಾಣಬೇಕು. ವೇಗ ನಿಮಿಷಕ್ಕೆ 600 ಹೊಲಿಗೆ, ಅದಕ್ಕಿಂತ ಹೆಚ್ಚಿಸಬೇಡಿ. ಎರಡು ಪಟ್ಟಿಯ ಒಂದು ಹೂಪಿಗೆ 30 ನಿಮಿಷದ ಹೊಲಿಗೆ, ನೂಲು ಬದಲಾವಣೆ ಎಲ್ಲ ಸೇರಿ 40.

ಮೊದಲ ಒಂದು ನಿಮಿಷ ಮೆಷಿನ್ ಬಿಟ್ಟು ಕದಲಬೇಡಿ. ಬಲೆಯ ಮೊದಲ ಗೆರೆಗಳು ಬೀಳುವಾಗ ಸೂಜಿಯ ಸುತ್ತ ಹಾಳೆ ಮೇಲಕ್ಕೂ ಕೆಳಕ್ಕೂ ಪುಟಿಯುತ್ತಿದ್ದರೆ ಹೂಪ್ ಸಡಿಲವಾಗಿದೆ. ಅಲ್ಲೇ ನಿಲ್ಲಿಸಿ ಹೊಸ ಹಾಳೆ ಕಟ್ಟಿ. ಮುಂದೆ ಸರಿಯಾದೀತು ಎಂದು ಬಿಟ್ಟರೆ ಆಗುವುದಿಲ್ಲ, ಸ್ಯಾಟಿನ್ ಶುರುವಾದ ಕೂಡಲೇ ಹರಿಯುತ್ತದೆ. ನಡುವೆ ಚಿಕ್ಕದಾಗಿ ಹರಿದರೆ ಹೂಪ್ ಬಿಚ್ಚದೆ, ಕೆಳಗಿಂದ ಇನ್ನೊಂದು ತುಂಡು ಹಾಳೆಯನ್ನು ಸರಿಸಿ, ಹತ್ತು ಹದಿನೈದು ಹೊಲಿಗೆ ಹಿಂದಕ್ಕೆ ಹೋಗಿ ಮುಂದುವರಿಸಬಹುದು.

ಪ್ರತಿ ಹೂಪ್ ಶುರುವಾಗುವ ಮೊದಲು ತುಂಬಿದ ಬಾಬಿನ್ ಹಾಕಿ, ಪಟ್ಟಿ ಪಟ್ಟಿಗೆ ಬದಲಿಸಿದರಂತೂ ಇನ್ನೂ ಒಳ್ಳೆಯದು. ಬಾಬಿನ್ ನೂಲು ಮುಗಿದದ್ದು ಗೊತ್ತಾಗದೆ ನಾಲ್ಕು ಹೊಲಿಗೆ ಬಿದ್ದರೂ ಅಲ್ಲಿ ಕೊಕ್ಕೆಯಿಲ್ಲ, ಕರಗಿಸಿದ ದಿನ ತೂತು ಕಾಣುತ್ತದೆ. ಕರೆಂಟ್ ಹೋಗುವುದು ನಮ್ಮಲ್ಲಿ ಹೊಸತಲ್ಲ. ಹೋದರೆ ಹೂಪನ್ನು ಮುಟ್ಟಬೇಡಿ, ಬಂದ ಮೇಲೆ ಹತ್ತು ಹೊಲಿಗೆ ಹಿಂದಿನಿಂದ ಶುರುಮಾಡಿ. ಮಳೆಗಾಲದಲ್ಲಿ ಎರಡು ಗಂಟೆ ಕರೆಂಟ್ ಬಾರದಿದ್ದರೆ ಆ ಹಾಳೆ ಜೋತಿರುತ್ತದೆ, ಯುಪಿಎಸ್ ಇಟ್ಟುಕೊಂಡವರು ಬದುಕಿದರು.

ಪೂರ್ತಿ ಪಟ್ಟಿಗೆ ಕೈ ಹಾಕುವ ಮೊದಲು ಒಂದೇ ಹೂ, ಎರಡು ಕಡ್ಡಿ, ಒಂದು ತುಂಡು ತಲೆಪಟ್ಟಿ ಹೊಲಿದು, ಕರಗಿಸಿ, ಒಣಗಿಸಿ, ಎರಡು ತುದಿ ಹಿಡಿದು ಸಾಕಷ್ಟು ಜೋರಾಗಿ ಎಳೆದು ನೋಡಿ. ಹಿಗ್ಗಿ ವಾಪಸ್ಸಾದರೆ ಸರಿ. ಬಿರುಕು ಬಿಟ್ಟರೆ ಕಡ್ಡಿಯ ತುದಿಯನ್ನು ಇನ್ನೂ ಒಳಕ್ಕೆ ಹಾಯಿಸಿ. ಅಂಚಿನಲ್ಲಿ ಕೂದಲು ಎದ್ದಂತೆ ನೂಲು ಬಂದರೆ ಒಳಗೆರೆಗಳು ಸಾಲದು. ಹೂ ಬಟ್ಟಲಿನ ಹಾಗೆ ಒಂದೇ ಬದಿಗೆ ಮುದುಡಿದರೆ ಆ ಬದಿಯ ನೂಲಿನ ಟೆನ್ಷನ್ ಹೆಚ್ಚಾಗಿದೆ.

ನೀರಿಗೆ ಬಿಡುವುದು

ಹೂಪಿನಿಂದ ಬಿಚ್ಚಿ ಲೇಸಿನ ಅಂಚಿನಿಂದ 3 ಮಿ.ಮೀ. ಬಿಟ್ಟು ಹೆಚ್ಚಿನ ಹಾಳೆ ಕತ್ತರಿಸಿ. ಮೇಲೆದ್ದ ನೂಲಿನ ತುದಿಗಳನ್ನೆಲ್ಲ ಈಗಲೇ ಸವರಿ, ಒದ್ದೆಯಾದ ಮೇಲೆ ಯಾವುದು ತುದಿ, ಯಾವುದು ಕಡ್ಡಿ ಎಂದು ತಿಳಿಯುವುದಿಲ್ಲ.

ನೀರಿನ ವಿಷಯದಲ್ಲಿ ಒಂದು ಎಚ್ಚರ. ಮುರಕಲ್ಲಿನ (ಜಂಬಿಟ್ಟಿಗೆಯ) ಬಾವಿಯ ನೀರಿನಲ್ಲಿ ಎಷ್ಟೋ ಕಡೆ ಕಬ್ಬಿಣದಂಶವಿರುತ್ತದೆ. ಬಿಳಿ ಲೇಸ್ ಅದರಲ್ಲಿ ನೆನೆದರೆ ಒಣಗಿದಾಗ ಮಾಸಲು ಹಳದಿ. ಬಿಳಿ ಬಕೆಟಿನಲ್ಲಿ ರಾತ್ರಿಯಿಡೀ ನೀರಿಟ್ಟು ಬೆಳಿಗ್ಗೆ ತಳದಲ್ಲಿ ಕೆಂಪು ಮಡ್ಡಿ ಕಂಡರೆ ಆ ನೀರು ಬೇಡ. ಕಡಲ ಹತ್ತಿರದ ಬಾವಿಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪು ಏರುತ್ತದೆ, ನೂಲಿನಲ್ಲಿ ಉಳಿದ ಉಪ್ಪು ತೇವ ಎಳೆಯುತ್ತದೆ. ಫಿಲ್ಟರ್ ನೀರು ಅಥವಾ ಮಳೆಗಾಲವಾದರೆ ಮಾಡಿನಿಂದ ಹಿಡಿದ, ತಿಳಿಯಾದ ಮಳೆನೀರು ಒಳ್ಳೆಯದು.

ಅಗಲದ ಸ್ಟೀಲ್ ತಟ್ಟೆಯಲ್ಲಿ ಉಗುರು ಬೆಚ್ಚಗಿನ ನೀರು ತುಂಬಿ ಲೇಸನ್ನು ಚಪ್ಪಟೆಯಾಗಿ ಬಿಡಿ. ಕೆಲವು ಸೆಕೆಂಡಿನಲ್ಲೇ ಹಾಳೆ ಮಂಜಿನ ಹಾಗೆ ಬಿಳಿಚಿಕೊಂಡು ತೂತುಗಳ ನಡುವಿನಿಂದ ಹರಿದುಹೋಗುತ್ತದೆ, ನೂಲಿನ ಸುತ್ತ ಮಾತ್ರ ಲೋಳೆ ಉಳಿಯುತ್ತದೆ. ಈ ಹಂತದಲ್ಲಿ ಲೇಸನ್ನು ಎತ್ತಬಾರದು. ಒದ್ದೆ ಲೋಳೆಯ ಭಾರಕ್ಕೆ ಕಡ್ಡಿಗಳು ಉದ್ದವಾಗಿ ಹಾಗೇ ನಿಲ್ಲುತ್ತವೆ. ತಟ್ಟೆಯನ್ನೇ ಓರೆ ಮಾಡಿ ನೀರು ಚೆಲ್ಲಿ, ಹೊಸ ನೀರು ಬದಿಯಿಂದ ಹುಯ್ಯಿರಿ. ಲೋಳೆನೀರನ್ನು ಸಾಕಷ್ಟು ನೀರು ಬೆರೆಸಿಯೇ ಚೆಲ್ಲಿ, ಗಟ್ಟಿಯಾಗಿದ್ದರೆ ಪೈಪಿನೊಳಗೆ ಪೊರೆ ಕಟ್ಟುತ್ತದೆ.

ಎಷ್ಟು ಸಲ ತೊಳೆಯಬೇಕೆನ್ನುವುದು ಲೇಸಿನ ಬಳಕೆಯ ಮೇಲೆ. ಗೋಡೆಗೆ, ಚೌಕಟ್ಟಿಗೆ ಹಾಕುವುದಾದರೆ ಒಂದೇ ಸಲ, ಉಳಿದ ಪಿವಿಎ ಗಂಜಿಯ ಕೆಲಸ ಮಾಡುತ್ತದೆ. ಬ್ಲೌಸಿನ ಕೈಗಾದರೆ ಲೋಳೆ ಪೂರ್ತಿ ಹೋಗಬೇಕು. ಇಲ್ಲದಿದ್ದರೆ ಸೆಕೆಗೆ ಬೆವರು ತಾಗಿ ಮದುವೆ ಚಪ್ಪರದಲ್ಲೇ ಅಂಟಂಟಾಗುತ್ತದೆ. ಮೂರು ನೀರು, ಪ್ರತಿ ಸಲ ಐದು ನಿಮಿಷ, ಕೊನೆಯದು ಸ್ನಾನದ ನೀರಿನಷ್ಟು ಬಿಸಿ. ಎರಡು ಬೆರಳ ನಡುವೆ ತಲೆಪಟ್ಟಿಯನ್ನು ಉಜ್ಜಿದಾಗ ದಾಸವಾಳದ ಗೊಂಪಿನ ಹಾಗೆ ಜಾರಿದರೆ ಇನ್ನೊಂದು ನೀರು ಬೇಕು.

ಹಿಂಡಬೇಡಿ. ಟವೆಲಿನ ಮೇಲೆ ಇಟ್ಟು ಇನ್ನೊಂದು ಟವೆಲಿನಿಂದ ಒತ್ತಿ ತೇವ ತೆಗೆಯಿರಿ. ಆಮೇಲೆ ಥರ್ಮಾಕೋಲ್ ಹಲಗೆಯ ಮೇಲೆ ಮೊದಲ ಗ್ರಾಫ್ ಹಾಳೆ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, 32 ಸೆಂ.ಮೀ.ಯ ಅರ್ಧ, ಅಂದರೆ ಒಂದು ಪಟ್ಟಿಗೆ 16 ಸೆಂ.ಮೀ.ಗೆ ಗುರುತು ಹಾಕಿ. ತಲೆಪಟ್ಟಿಯನ್ನು ನೇರ ಗೆರೆಗೆ ಪ್ರತಿ ಸೆಂ.ಮೀ.ಗೊಂದು ಪಿನ್, ಆಮೇಲೆ ಪ್ರತಿ ಎಸಳಿನ ತುದಿಗೊಂದು. ಪಿನ್ನು ಹಿತ್ತಾಳೆಯದ್ದು ಅಥವಾ ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಬೇಕು, ಕರಾವಳಿಯ ಗಾಳಿಯಲ್ಲಿ ಸಾದಾ ಗುಂಡುಸೂಜಿ ಒಂದೇ ರಾತ್ರಿಯಲ್ಲಿ ತುಕ್ಕಿನ ಚುಕ್ಕೆ ಬಿಡುತ್ತದೆ, ಆ ಚುಕ್ಕೆ ಹೋಗುವುದೇ ಇಲ್ಲ. ಫ್ಯಾನಿನ ಕೆಳಗೆ ಒಣಗಲಿ. ಬೇಸಗೆಯಲ್ಲಿ ಎರಡು ಗಂಟೆ, ಮಳೆಗಾಲದಲ್ಲಿ ರಾತ್ರಿಯಿಡೀ. ಇಸ್ತ್ರಿ ಬೇಕಾದರೆ ಪೂರ್ತಿ ಒಣಗಿದ ಮೇಲೆ, ಮಗುಚಿ ಹಾಕಿ, ದಪ್ಪ ಟವೆಲಿನ ಮೇಲೆ, ತೆಳು ಬಟ್ಟೆ ಹೊದಿಸಿ, ಕಡಿಮೆ ಬಿಸಿಯಲ್ಲಿ. ಪಿವಿಎ ಉಳಿದಿದ್ದರೆ ಇಸ್ತ್ರಿಗೆ ಅಂಟಿಕೊಂಡು ಮೇಲೆ ಬರುತ್ತದೆ.

ಬ್ಲೌಸಿಗೆ ಕೂರಿಸುವುದು

ಒಂದು ಪಟ್ಟಿಯ ಹೊರಚಾಚಿದ ಎಲೆಯನ್ನು ಮುಂದಿನ ಪಟ್ಟಿಯ ಮೊದಲ ಎಸಳಿನ ಮೇಲೆ ಹಾಯಿಸಿ, ಅದೇ ನೂಲಿನಿಂದ ಕೈಯಲ್ಲೇ ಎಲೆಯ ಅಂಚಿನ ಸ್ಯಾಟಿನ್ ಮೇಲೆ ಒತ್ತೊತ್ತಾಗಿ ಹೊಲಿಯಿರಿ. ಮೆಷಿನ್ನಿನ ಝಿಗ್‌ಝ್ಯಾಗ್ ಆದರೂ ನಡೆಯುತ್ತದೆ, ಕೈಹೊಲಿಗೆ ಕಾಣುವುದಿಲ್ಲ. ಸುತ್ತು ಮುಗಿಯುವ ಜೋಡಣೆ ಕೈಯ ಒಳಬದಿಯ ಹೊಲಿಗೆಯ ನೇರಕ್ಕೆ ಬರಲಿ.

ಬ್ಲೌಸಿನ ಕೈಯ ಮಡಿಕೆಯನ್ನು ಮೊದಲೇ ಕತ್ತರಿಸಬೇಡಿ. ತಲೆಪಟ್ಟಿಯನ್ನು ಮಡಿಕೆಯ ಅಂಚಿನಿಂದ 3 ಮಿ.ಮೀ. ಮೇಲೆ ಇಟ್ಟು ಟಾಕೆ ಹಾಕಿ, ಹಾಕಿಕೊಳ್ಳುವವರು ಒಮ್ಮೆ ತೊಟ್ಟು ಕೈ ಮಡಚಿ ನೋಡಲಿ. ಲೇಸ್ ಬಿಗಿಯಾಗಿ ತೋಳಿಗೆ ಅಚ್ಚು ಬಿದ್ದರೆ ಟಾಕೆ ಬಿಚ್ಚುವುದು ಸುಲಭ. ಸರಿಯಾದ ಮೇಲೆ ತಲೆಪಟ್ಟಿಯ ಮೇಲೆಯೇ 2 ಮಿ.ಮೀ. ಅಗಲ, 1.5 ಮಿ.ಮೀ. ಉದ್ದದ ಝಿಗ್‌ಝ್ಯಾಗ್. ರೇಷ್ಮೆಯಾದರೆ ಕೆಳಗೆ ತೆಳು ಕಾಗದ ಇಟ್ಟು ಹೊಲಿದು ಹರಿದು ತೆಗೆಯಿರಿ, ಬಟ್ಟೆ ಸುಕ್ಕಾಗುವುದಿಲ್ಲ.

ಮೊದಲ ಪರೀಕ್ಷೆಯ ಹೂವನ್ನು ಎಸೆಯಬೇಡಿ. ಒಂದು ರಟ್ಟಿಗೆ ಅದನ್ನು ಪಿನ್ ಮಾಡಿ, ಪಕ್ಕದಲ್ಲಿ ನೂಲಿನ ಬಣ್ಣದ ನಂಬರ್, ಹಾಳೆಯ ಜಾತಿ, ಮೇಲಿನ ಟೆನ್ಷನ್ ಎಷ್ಟಿತ್ತು, ಬಿಡಿಸಿದ ಅಳತೆ, ಒಣಗಿದ ಮೇಲಿನ ಅಳತೆ, ಹೊಲಿದ ತಿಂಗಳು ಇಷ್ಟನ್ನೂ ಬರೆದಿಡಿ. ಆರು ತಿಂಗಳ ಮೇಲೆ ಅದೇ ಲೇಸ್ ತಂಗಿಯ ಬ್ಲೌಸಿಗೂ ಬೇಕೆಂದು ಬಂದಾಗ ಕಂಪ್ಯೂಟರಿನ ಫೈಲಿಗಿಂತ ಈ ರಟ್ಟೇ ಮೊದಲು ಬೇಕಾಗುತ್ತದೆ.